ಮೊದಲ ನೆರಳು ಪತ್ರಾಸಿನ ಓಣಿಗೆ

ನಮ್ಮದು ಮಲೆನಾಡಿನ ನಿಟ್ಟೂರು. ಹತ್ತಿರದ ಹುಲಿಕಲ್‌ನಲ್ಲಿ ಮಳೆ ಹೊಡೆಯುವ ಪರಿ ನೋಡಿದವರಿಗೆ ಗಿಡ ಬದುಕಿಸುವುದೂ ಒಂದು ಕೆಲಸ ಅನಿಸುವುದಿಲ್ಲ. ಆ ಧೈರ್ಯದಲ್ಲೇ ವಿಜಯಪುರದ ಹಳೇ ಊರಿನಲ್ಲಿ ಗಿಡ ನೆಡುವವರ ಜೊತೆ ಸೇರಿದೆ. 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದ ಮೇಲೆ ಆ ಜಿಲ್ಲೆಯಲ್ಲಿ ಒಂದು ಹುರುಪು ಎದ್ದಿತ್ತು. ನಾನು ಕಲಿತದ್ದು ಹೆಚ್ಚಾಗಿ ಒಣಗಿದ ಗಿಡಗಳಿಂದ.

1. ನಿಮ್ಮೂರಿನ ಗಿಡ ಹೊತ್ತು ಹೋಗಬೇಡಿ.
ರಂಜಲು, ಹಲಸಿನ ಸಸಿಗಳನ್ನು ಮಲೆನಾಡಿನ ಲೆಕ್ಕದಲ್ಲಿ ಜೂನ್‌ಗೇ ನೆಟ್ಟೆ. ವಿಜಯಪುರದ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ.; ಅದೂ ಜೋರಾಗುವುದು ಸೆಪ್ಟೆಂಬರಿನಲ್ಲಿ. ಜುಲೈ ಗಾಳಿಗೆ ಎಲೆ ಸುರುಟಿತು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಬೇರು ಹೊರಗೆ ಕಂಡಿತು. ಉಳಿದದ್ದು ಬೇವು, ಹೊಂಗೆ.

2. ಹಳೇ ಗೋಡೆಯಿಂದ ದೂರವಿರಿ.
ನಮ್ಮೂರ ಕಡೆಯ ನಗರ ಎಂಬ ಊರಿನ ಹಳೇ ಕೋಟೆ ನೋಡುತ್ತ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ಅರಳಿ, ಬಸರಿಯ ಬೇರು ಸಂದಿಗೆ ನುಗ್ಗಿ ಕಲ್ಲನ್ನೇ ಸರಿಸುತ್ತದೆ. ಸ್ಮಾರಕದ ಹತ್ತಿರ ನೆಡುವುದಾದರೆ ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಿ.

3. ನೆರಳು ಯಾರಿಗೆ?
ಇದು ತಡವಾಗಿ ತಲೆಗೆ ಹತ್ತಿತು. ಗುಂಡಿ ತೋಡಲು ಜಾಗವಿದೆಯೆಂದು ಅಗಲ ರಸ್ತೆಗಳಲ್ಲೇ ನೆಡುತ್ತಿದ್ದೆವು. ಅಲ್ಲಿನ ಮನೆಗಳಿಗೆ ಕಾಂಪೌಂಡಿದೆ, ಒಳಗೆ ಮರವಿದೆ, ಕೂಲರ್ ಇದೆ. ಪತ್ರಾಸ್ (ತಗಡು) ಹೊದಿಸಿದ ಮನೆಗಳ ಓಣಿಯಲ್ಲಿ ಒಂದು ಗಿಡವೂ ಇರಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಅಂಥ ಮನೆಯೊಳಗೆ ಕೂತೆ. ಗೋಡೆಗೆ ಒರಗಿದರೆ ಬೆನ್ನು ಸುಡುತ್ತಿತ್ತು. ಕೊಡಕ್ಕೆ ಒದ್ದೆ ಗೋಣಿ ಸುತ್ತಿಟ್ಟಿದ್ದರು. ಮಗುವನ್ನು ಗಾಳಿಗೆಂದು ಹೊಸ್ತಿಲ ಬಳಿ ಮಲಗಿಸಿದ್ದರು. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಗಾಳಿಯ ಬಿಸಿ 5.6 ಡಿಗ್ರಿವರೆಗೆ, ಡಾಂಬರಿನ ಬಿಸಿ 27.5 ಡಿಗ್ರಿವರೆಗೆ ಕಡಿಮೆ. ಕೂಲರ್ ಕೊಳ್ಳಲಾರದವರಿಗೆ ಈ ತಂಪು ಬಿಟ್ಟರೆ ಬೇರೆ ದಾರಿಯಿಲ್ಲ. ನಾವು ಅದನ್ನು ಇದ್ದವರಿಗೇ ಕೊಡುತ್ತಿದ್ದೆವು.

4. ನೀರಿನ ಮಾತು ಮೊದಲು.
"ತಮ್ಮಾ, ಕುಡ್ಯಾಕ ನೀರು ಸಾಲವಲ್ದು, ಗಿಡಕ್ಕ ಎಲ್ಲಿಂದ ಹಾಕೂಣು?" ಎಂದರು ಆ ಮನೆಯ ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಪಾತ್ರೆ ತೊಳೆದ ನೀರು ಹರಿಯುವ ಜಾಗ ಹುಡುಕಿ ಅಲ್ಲೇ ಬೇವು ನೆಟ್ಟೆವು. ಮರಕ್ಕೆ ಜಾಗವಿಲ್ಲದ ಕಡೆ, ಇಳಿಬಿಸಿಲು ಬೀಳುವ ಪಶ್ಚಿಮದ ಗೋಡೆಗೆ ಹೀರೆ, ತೊಂಡೆಯ ಚಪ್ಪರ ಹಾಕಿಕೊಟ್ಟೆವು. ಕಾಯಿ ಬಿಡುವ ಬಳ್ಳಿಗೆ ನೀರು ಹಾಕಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.

ಈ ವರ್ಷ ನಿಮ್ಮೂರಲ್ಲಿ ಗಿಡ ಹಂಚಿದರೆ ಮೊದಲ ಸಸಿ ಪತ್ರಾಸಿನ ಓಣಿಗೆ ಹೋಗುವಂತೆ ನೋಡಿಕೊಳ್ಳಿ. ಎರಡು ಬೇಸಿಗೆ ನೀರು ಹಾಕುವವರು ಯಾರೆಂದು ಗೊತ್ತುಮಾಡಿಕೊಂಡೇ ಗುಂಡಿ ತೋಡಿ.