ರೀಚಾರ್ಜ್ ಲಾಟೀನುಗಳ ಪರೀಕ್ಷೆ: ಸರಕು ಒಪ್ಪಿಕೊಳ್ಳುವ ಮುನ್ನ

ಶಿಬಿರಗಳಲ್ಲಿ ಬಳಸುವ ರೀಚಾರ್ಜ್ ಲಾಟೀನುಗಳನ್ನು ಸಗಟಾಗಿ ಕೊಳ್ಳುವ ವರ್ತಕರು ಅನೇಕ ವೇಳೆ ಗುಂಡಿ ಒತ್ತಿ, ಬೆಳಕು ಬಂದೊಡನೆ ಚಲನ್‌ಗೆ ಸಹಿ ಹಾಕುತ್ತಾರೆ. ಆದರೆ ತಕರಾರು ಹುಟ್ಟುವುದು ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ.

ಮೊದಲ ಪರೀಕ್ಷೆ ಕಾಗದದ ಮೇಲೆಯೇ ಸಾಧ್ಯ. 3.7 ವೋಲ್ಟ್, 2,000 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವ ಶಕ್ತಿ 7.4 ವ್ಯಾಟ್-ಗಂಟೆ. ಅದು 3 ವ್ಯಾಟಿನ ಎಲ್‌ಇಡಿ ದೀಪವನ್ನು ಪೂರ್ಣ ಪ್ರಕಾಶದಲ್ಲಿ ಎರಡೂವರೆ ಗಂಟೆಯಷ್ಟು ಉರಿಸಿದರೆ ಹೆಚ್ಚು. ಡಬ್ಬಿಯ ಮೇಲೆ ‘8 ಗಂಟೆ’ ಎಂದಿದ್ದರೆ ಅದು ಮಂದ ಬೆಳಕಿನ ಲೆಕ್ಕ. ಇಲ್ಲವೇ ಶುದ್ಧ ಸುಳ್ಳು. ಆದುದರಿಂದ ಖರೀದಿ ಆದೇಶದಲ್ಲಿಯೇ ‘ಪೂರ್ಣ ಪ್ರಕಾಶದಲ್ಲಿ ಇಷ್ಟು ಗಂಟೆ’ ಎಂದು ನಮೂದಿಸತಕ್ಕದ್ದು.

ಸರಕು ಬಂದ ದಿನವೇ ಬೇರೆ ಬೇರೆ ಪೆಟ್ಟಿಗೆಗಳಿಂದ ಕೆಲವನ್ನು ಆರಿಸಿ, ಪೂರ್ತಿ ಚಾರ್ಜ್ ಮಾಡಿ, ಗಡಿಯಾರವಿಟ್ಟು ಉರಿಸಬೇಕು. ಬೆಳಕು ನಿಧಾನವಾಗಿ ಕುಂದುವುದರಿಂದ ಕಣ್ಣು ಮೋಸಹೋಗುತ್ತದೆ. ಪೂರ್ತಿ ಚಾರ್ಜ್ ಆದ ಇನ್ನೊಂದು ಲಾಟೀನನ್ನು ಆಗಾಗ ಪಕ್ಕದಲ್ಲಿ ಹಚ್ಚಿ ಹೋಲಿಸುವುದು ಲೇಸು. ಫಲಿತಾಂಶಗಳನ್ನು ದಿನಾಂಕ ಸಹಿತ ಬರೆದಿಡಬೇಕು.

ಇಷ್ಟು ಅವಸರವೇಕೆ? 1930ರ ಸರಕು ಮಾರಾಟ ಕಾಯಿದೆಯ 41ನೆಯ ಕಲಮು ಖರೀದಿದಾರನಿಗೆ ಸರಕನ್ನು ಪರೀಕ್ಷಿಸಲು ಯುಕ್ತ ಅವಕಾಶ ನೀಡುತ್ತದೆ. ಆದರೆ ತಿರಸ್ಕಾರವನ್ನು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡರೆ, 42ನೆಯ ಕಲಮಿನಂತೆ ಒಪ್ಪಿಕೊಂಡ ಹಾಗೆಯೇ. ಆಮೇಲೆ ಸಾಮಾನ್ಯವಾಗಿ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸಲಾಗದು. ಸಕಾಲದಲ್ಲಿ ನ್ಯಾಯವಾಗಿ ತಿರಸ್ಕರಿಸಿದವನಿಗಾದರೋ, ಬೇರೆ ಕರಾರು ಇಲ್ಲದಿದ್ದಲ್ಲಿ, ಸರಕನ್ನು ಹಿಂದಕ್ಕೆ ಸಾಗಿಸುವ ಹೊಣೆಯೂ ಇಲ್ಲ (ಕಲಮು 43); ತಿಳಿಸಿದರೆ ಸಾಕು. ಆ ತಿಳಿವಳಿಕೆ ಲಿಖಿತವಾಗಿರಲಿ.