ಸಹಾಯಧನದ ಲೆಕ್ಕ, ಬಿಲ್ಲಿನ ಲೆಕ್ಕ: ಕೊಲ್ಹಾಪುರ ಗಡಿಭಾಗದ ಸೌರ ಚಾವಣಿಗಳು

ಮನೆಯ ಚಾವಣಿಯ ಮೇಲೆ ಸೌರ ಫಲಕ ಕೂರಿಸುವವರಿಗಾಗಿ ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಪ್ರಧಾನಮಂತ್ರಿ ಸೂರ್ಯಘರ್’ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನವಿದ್ದು, ಫಲಕಗಳು ಎಷ್ಟೇ ದೊಡ್ಡದಿದ್ದರೂ ಮನೆಯೊಂದಕ್ಕೆ ದೊರೆಯುವ ಗರಿಷ್ಠ ಮೊತ್ತ 78,000 ರೂಪಾಯಿ. ಈ ದರ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಒಂದೇ ಆಗಿದ್ದರೂ ಗಡಹಿಂಗ್ಲಜ, ಇಚಲಕರಂಜಿ, ಚಂದಗಡ ತಾಲ್ಲೂಕಿನ ಕೋವಾಡ ಮೊದಲಾದ ಊರುಗಳಲ್ಲಿ ಅದರಿಂದ ಆದ ಪ್ರಯೋಜನ ಮನೆಯಿಂದ ಮನೆಗೆ, ಕಸುಬಿನಿಂದ ಕಸುಬಿಗೆ ಬದಲಾಗಿದೆ. ಸರ್ಕಾರದಿಂದ ಬರುವ ಹಣಕ್ಕಿಂತ ಆ ಫಲಕ ಯಾವ ದರದ ಬಿಲ್ಲನ್ನು ಇಳಿಸುತ್ತದೆ ಎಂಬುದೇ ಲಾಭನಷ್ಟವನ್ನು ತೀರ್ಮಾನಿಸುತ್ತದೆ ಎಂಬುದನ್ನು ಈ ಭಾಗದ ಜನ ಫಲಕ ಕೂರಿಸಿದ ಮೇಲೆಯೇ ಹೆಚ್ಚಾಗಿ ಅರಿತಿದ್ದಾರೆ.

ಹಿರಣ್ಯಕೇಶಿ ನದಿಯು ಗಡಹಿಂಗ್ಲಜವನ್ನು ದಾಟಿ ಕರ್ನಾಟಕದ ಸಂಕೇಶ್ವರದ ಕಡೆಗೆ ಹರಿಯುವಷ್ಟು ದೂರದಲ್ಲಿಯೇ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, 2022–23ರ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿ, 200 ಯುನಿಟ್ ಮೀರದಂತೆ ಮನೆಗಳಿಗೆ ಉಚಿತ ವಿದ್ಯುತ್ ದೊರೆಯುವುದರಿಂದ, ಬಿಲ್ಲೇ ಸೊನ್ನೆಯಾಗಿರುವ ಸಂಕೇಶ್ವರದ ಮನೆಗೆ ಫಲಕದಿಂದ ಉಳಿಯುವುದು ಏನೂ ಇಲ್ಲ; ತಿಂಗಳಿಗೆ ಅಷ್ಟೇ ಯುನಿಟ್ ಸುಡುವ ಗಡಹಿಂಗ್ಲಜದ ಬೀಗರ ಮನೆಗೆ ಪ್ರತಿ ಯುನಿಟ್ಟೂ ಉಳಿತಾಯವೇ. ಅದಕ್ಕೆ ಹತ್ತು ವರ್ಷಗಳ ಹಿಂದೆ ಪರಿಸ್ಥಿತಿ ತಿರುಗುಮುರುಗಾಗಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರಲ್ಲಿ ಚಾವಣಿಯ ಸೌರ ವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ ಯುನಿಟ್ಟಿಗೆ 9.56 ರೂಪಾಯಿ ಹಾಗೂ ಪಡೆದವರಿಗೆ 7.20 ರೂಪಾಯಿ ಖರೀದಿ ದರ ಗೊತ್ತುಪಡಿಸಿದಾಗ ಆಸೆಪಡಬೇಕಾದ ಚಾವಣಿಗಳು ಗಡಿಯ ಆಚೆಯವಾಗಿದ್ದವು. ಕೊಳ್ಳುವಾಗ ಕೈಹಿಡಿಯುವ ಪ್ರೋತ್ಸಾಹ ಒಂದು ಬಗೆಯದಾದರೆ ಉತ್ಪಾದಿಸಿದ ಪ್ರತಿ ಯುನಿಟ್ಟಿಗೆ ಬೆಲೆ ಕಟ್ಟುವುದು ಇನ್ನೊಂದು ಬಗೆ. ಎರಡನೆಯದು ವರ್ಷಗಟ್ಟಲೆ ಫಲಕವನ್ನು ಸುಸ್ಥಿತಿಯಲ್ಲಿಡುವಂತೆ ಮಾಲೀಕನನ್ನು ಎಚ್ಚರವಾಗಿಡುತ್ತದೆ, ಮೊದಲನೆಯದಕ್ಕೆ ಆ ಗುಣವಿಲ್ಲ.

ಮಹಾರಾಷ್ಟ್ರದಲ್ಲಿ ಈಗ ನಡೆಯುತ್ತಿರುವುದು ನೆಟ್ ಮೀಟರಿಂಗ್, ಅಂದರೆ ಹಗಲಲ್ಲಿ ಮನೆ ಬಳಸಿ ಮಿಕ್ಕ ವಿದ್ಯುತ್ತು ರಾಜ್ಯದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ತಂತಿಗೆ ಹೋಗಿ, ರಾತ್ರಿ ಅಲ್ಲಿಂದ ಪಡೆದದ್ದರೊಡನೆ ವಜಾ ಆಗಿ, ಉಳಿದ ಅಂತರಕ್ಕೆ ಮಾತ್ರ ಬಿಲ್ಲು ಬರುವ ಪದ್ಧತಿ. ಹೆಚ್ಚಾದ ಯುನಿಟ್ಟುಗಳು ಮುಂದಿನ ತಿಂಗಳಿಗೆ ಜಮೆಯಾಗುತ್ತವೆಯಾದರೂ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರಂದು ಮಿಕ್ಕಿದ್ದನ್ನು ಗ್ರಾಹಕ ತಾನು ಕೊಡುವ ದರಕ್ಕಿಂತ ಬಹಳ ಕಡಿಮೆ ದರಕ್ಕೆ ಬಿಟ್ಟುಕೊಡಬೇಕಾಗುತ್ತದೆ. ಬಿಸಿಲು ಏರಿ ಜಮೆ ಬೆಳೆಯುವ ಹೊತ್ತಿಗೇ, ಏಪ್ರಿಲ್–ಮೇ ತಿಂಗಳ ಫ್ಯಾನು, ಕೂಲರುಗಳ ಬಳಕೆ ಶುರುವಾಗುವ ಮುನ್ನ ಲೆಕ್ಕ ಮುಚ್ಚಿಹೋಗುವುದು ಗ್ರಾಹಕನ ಪಾಲಿಗೆ ಅನುಕೂಲದ ಸಂಗತಿಯಲ್ಲ. ಮಳೆಗಾಲದ ನಾಲ್ಕು ತಿಂಗಳ ಕೊರತೆಯನ್ನು ಬೇಸಿಗೆಯ ಜಮೆ ತುಂಬುತ್ತದೆ ಎಂಬ ಸಮಾಧಾನವಿದೆ. ಘಟ್ಟದ ಅಂಚಿನ ಚಂದಗಡಕ್ಕೆ ಈ ಸಮಾಧಾನ ಎಷ್ಟು ಬೇಕೋ, ಮಳೆ ಕಡಿಮೆಯಿರುವ ಮೂಡಣದ ಊರುಗಳಿಗೆ ಅಷ್ಟು ಬೇಕಿಲ್ಲ.

ಒಂದು ಕಿಲೋವ್ಯಾಟ್ ಫಲಕವು ದಿನಕ್ಕೆ ಸರಾಸರಿ ನಾಲ್ಕು ಯುನಿಟ್ಟಿನಂತೆ ತಿಂಗಳಿಗೆ ಸುಮಾರು 120 ಯುನಿಟ್ ಕೊಡುತ್ತದೆ ಎಂಬ ಲೆಕ್ಕವನ್ನು ಹಿಡಿದರೆ, 90 ಯುನಿಟ್ ಬಳಸುವ ಮನೆಗೆ ಒಂದು ಕಿಲೋವ್ಯಾಟ್ ಸಾಕು. ಆದರೆ ಸಹಾಯಧನ ಮೂರು ಕಿಲೋವ್ಯಾಟ್‌ಗೆ ತುಟ್ಟತುದಿ ಮುಟ್ಟುವುದರಿಂದ ಮಾರುವವರು ಮೂರನ್ನೇ ಮುಂದಿಡುತ್ತಾರೆ, ಕೊಳ್ಳುವವರೂ 78,000 ರೂಪಾಯಿ ಬಿಡಲಾಗದೆ ಒಪ್ಪುತ್ತಾರೆ. ಮಹಾರಾಷ್ಟ್ರದ ದರಪಟ್ಟಿ 100, 300 ಮತ್ತು 500 ಯುನಿಟ್ಟುಗಳ ಮೆಟ್ಟಿಲಲ್ಲಿ ಏರುವುದರಿಂದ ಕೆಳಗಿನ ಮೆಟ್ಟಿಲಲ್ಲಿರುವ ಮನೆಗೆ ಉಳಿಯುವ ಯುನಿಟ್ಟೂ ಅಗ್ಗದ್ದೇ. ಅಡಮಾನವಿಲ್ಲದ ಬ್ಯಾಂಕ್ ಸಾಲವಿದ್ದರೂ ಕಂತು ತಪ್ಪುವುದಿಲ್ಲ, ಸ್ಥಿರ ಶುಲ್ಕವೂ ಬಿಲ್ಲಿನಿಂದ ಇಳಿಯುವುದಿಲ್ಲ. ಇಂಥ ಸಣ್ಣ ಬಳಕೆದಾರರಿಗೆ ಒಂದು ಕಿಲೋವ್ಯಾಟ್‌ನ ಘಟಕವೇ ಸರಿಯೆಂದು ರಾಜ್ಯ ಸರ್ಕಾರ 2025ರಲ್ಲಿ ‘ಸ್ಮಾರ್ಟ್’ ಹೆಸರಿನ ಯೋಜನೆಯಲ್ಲಿ ಕೇಂದ್ರದ 30,000 ರೂಪಾಯಿಯ ಮೇಲೆ ತನ್ನ ಪಾಲನ್ನೂ ಸೇರಿಸಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬ ಕೈಯಿಂದ ಹಾಕುವ ಮೊತ್ತವನ್ನು 2,500 ರೂಪಾಯಿಗೆ ಇಳಿಸಿದ್ದು ತಡವಾಗಿ ಬಂದ ವಿವೇಕ.

ಸಹಾಯಧನ ಕೈಸೇರುವ ದಾರಿಯಲ್ಲಿ ತಂತ್ರಜ್ಞಾನಕ್ಕಿಂತ ಹೆಚ್ಚು ತೊಡಕು ಒಡ್ಡುವುದು ಹೆಸರು. ಒಕ್ಕಲುತನದ ಕೂಡು ಕುಟುಂಬಗಳಲ್ಲಿ ಮೀಟರು ತೀರಿಹೋದ ಅಜ್ಜನ ಹೆಸರಿನಲ್ಲಿ, ಮನೆಯ ಉತಾರೆ ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಮೊಮ್ಮಗನ ಹೆಸರಿನಲ್ಲಿ ಇರುವುದು ಸಾಮಾನ್ಯವಾಗಿದ್ದು, ಬಿಲ್ಲಿನ ಗ್ರಾಹಕನೇ ಅರ್ಜಿದಾರನೂ ಖಾತೆದಾರನೂ ಆಗಿರಬೇಕಾದ್ದರಿಂದ ಮೊದಲು ಹೆಸರು ಬದಲಾವಣೆಯ ಅರ್ಜಿ, ಅದಕ್ಕೂ ಮೊದಲು ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿರುವ ಮನೆಯಲ್ಲಿ ಮರಾಠಿ ಬಿಲ್ಲನ್ನೂ ಇಂಗ್ಲಿಷ್ ಪೋರ್ಟಲ್ಲನ್ನೂ ಶಾಲೆ ಕಲಿತ ಮಕ್ಕಳೇ ಬಿಡಿಸಿ ಹೇಳಬೇಕು. ಹಣ ಬರುವುದು ಮೀಟರು ಕೂತು ಘಟಕ ಚಾಲೂ ಆದ ಮೇಲೆ, ಅದೂ ಭಾರತದಲ್ಲಿಯೇ ತಯಾರಾದ ಕೋಶಗಳಿಂದ ಮಾಡಿದ ಫಲಕಗಳಿಗೆ ಮಾತ್ರ ಎಂಬುದರಿಂದ, ಅಗ್ಗದ ಆಮದು ಫಲಕ ಹಾಕಿಸಿಕೊಂಡವರು ಸಹಾಯಧನದ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ವಿದ್ಯುತ್ ಹೋದಾಗ ಇಂಥ ಘಟಕವೂ ನಿಲ್ಲುತ್ತದೆ ಎಂಬುದನ್ನು ಒಪ್ಪಂದಕ್ಕೆ ಮುನ್ನ ಕೇಳಿ ತಿಳಿದವರು ಕಡಿಮೆ. ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮನ್‌ಗೆ ಚಾವಣಿಯಿಂದ ವಿದ್ಯುತ್ ಹರಿಯಬಾರದೆಂಬುದು ಈ ಏರ್ಪಾಡಿನ ಕಾರಣ. ಕತ್ತಲಲ್ಲಿಯೂ ದೀಪ ಬೇಕೆನ್ನುವವರು ಬ್ಯಾಟರಿಗೆ ಬೇರೆ ಹಣ ತೆರಬೇಕು.

ಇಚಲಕರಂಜಿಯ ಲೆಕ್ಕ ಬೇರೆಯದೇ. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ಹೂಡಿದ ಈ ಪಟ್ಟಣದಲ್ಲಿ ಮಗ್ಗದ ಸದ್ದು ಹಗಲಿರುಳೂ ನಿಲ್ಲುವುದಿಲ್ಲ. ಕೇಂದ್ರ ಜವಳಿ ಸಚಿವಾಲಯ 2017ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ಪವರ್‌ಟೆಕ್ಸ್ ಇಂಡಿಯಾ’ ಯೋಜನೆಯ ಸೌರ ಭಾಗವು ಎಂಟು ಮಗ್ಗಗಳವರೆಗಿನ ಸಣ್ಣ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟ ಜಾತಿಯವರಿಗೆ 75, ಪರಿಶಿಷ್ಟ ಪಂಗಡದವರಿಗೆ 90ರಷ್ಟು ಬಂಡವಾಳ ಸಹಾಯಧನವನ್ನು ಇಟ್ಟಿತ್ತು. ಮಗ್ಗವೊಂದಕ್ಕೆ ಒಂದು ಅಶ್ವಶಕ್ತಿಯ ಮೋಟಾರೆಂದರೂ ಎಂಟು ಮಗ್ಗಕ್ಕೆ ಆರು ಕಿಲೋವ್ಯಾಟ್ ಬೇಕು. ಎರಡು ಪಾಳಿಯಲ್ಲಿ ಇಡೀ ದಿನ ಓಡುವ ಆ ಕಾರ್ಖಾನೆಗೆ ಆರು ಕಿಲೋವ್ಯಾಟ್ ಫಲಕ ಕೊಡುವ 24 ಯುನಿಟ್ಟು ಆರರಲ್ಲೊಂದು ಪಾಲಿನ ಆಸುಪಾಸಿಗೆ ನಿಲ್ಲುತ್ತದೆ. ಮೇಲಾಗಿ ರಾಜ್ಯ ಸರ್ಕಾರ ಮಗ್ಗಗಳಿಗೆ ಮೊದಲಿನಿಂದಲೂ ರಿಯಾಯಿತಿ ದರದ ವಿದ್ಯುತ್ ಕೊಡುತ್ತ, 27 ಅಶ್ವಶಕ್ತಿಯ ಗೆರೆ ಎಳೆದು ಅದರ ಕೆಳಗಿನವರಿಗೆ ಹೆಚ್ಚು ನೆರವು ಇಟ್ಟಿರುವುದರಿಂದ, ಒಂದು ಇಲಾಖೆಯ ರಿಯಾಯಿತಿ ಇನ್ನೊಂದು ಇಲಾಖೆಯ ಸಹಾಯಧನದ ಸೆಳೆತವನ್ನು ತಗ್ಗಿಸುತ್ತದೆ. ಈ ವಿರೋಧಾಭಾಸವನ್ನು ಯೋಜನೆಯ ಕಾಗದಗಳು ಕಂಡೂ ಕಾಣದಂತಿವೆ.

ಸ್ವಂತ ನೂಲಿಲ್ಲದೆ ವ್ಯಾಪಾರಿಯ ನೂಲನ್ನು ಮಜೂರಿಗೆ ನೇಯುವ ಖರ್ಚೀವಾಲರು ಮೇಲಾಗಿ ಬಾಡಿಗೆಯ ಷೆಡ್ಡಿನಲ್ಲಿರುವವರಾದರೆ ಚಾವಣಿ ಅವರದಲ್ಲ, ಮೀಟರೂ ಹಲವು ಸಲ ಅವರದಲ್ಲ. ಬಿಲ್ಲು ಕಟ್ಟುವವ ಒಬ್ಬ, ಪತ್ರಾ ಚಾವಣಿಯ ಒಡೆಯ ಇನ್ನೊಬ್ಬನಾದಲ್ಲಿ ಇಪ್ಪತ್ತೈದು ವರ್ಷ ಬಾಳುವ ಫಲಕಕ್ಕೆ ಹಣ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ. ಹತ್ತಿಯ ಧೂಳು ಮತ್ತು ನೂಲಿಗೆ ಗಂಜಿ ಹಾಕುವ ಸೈಝಿಂಗ್ ಘಟಕಗಳ ಬಾಯ್ಲರುಗಳ ಮಸಿ ಫಲಕದ ಮೇಲೆ ಕೂರುವುದರಿಂದ ತೊಳೆಯುವ ನೀರು, ಆಳಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಂಗಡಿ, ಆಸ್ಪತ್ರೆ, ಶಿರೋಲಿ ಮತ್ತು ಗೋಕುಳ ಶಿರಗಾವದ ಫೌಂಡ್ರಿಗಳಿಗೆ ಸೂರ್ಯಘರ್ ಸಹಾಯಧನವಿಲ್ಲ. ಅವರಿಗಿರುವ ಮುಖ್ಯ ಪ್ರೋತ್ಸಾಹ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇಕಡಾ 40ರ ಸವಕಳಿ, ಎಂದರೆ ಯಂತ್ರದ ಬೆಲೆಯ ಅಷ್ಟು ಪಾಲನ್ನು ಲಾಭದಿಂದ ಕಳೆದು ತೆರಿಗೆ ಕಟ್ಟುವ ಅವಕಾಶ. 2017ಕ್ಕೆ ಮುನ್ನ ಇದು 80 ಇತ್ತು. ಲಾಭವೇ ಇಲ್ಲದ ವರ್ಷದಲ್ಲಿ ಈ ಅವಕಾಶದಿಂದ ಕೂಡಲೇ ಕೈಗೆ ಬರುವುದೇನೂ ಇರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಫಲಕಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದದ್ದು ಮನೆ, ಕಾರ್ಖಾನೆ ಎರಡಕ್ಕೂ ಒದಗಿದೆ.

ಕಬ್ಬಿನ ಗದ್ದೆಯಲ್ಲಿ ಹಣದ ಲೆಕ್ಕವೊಂದೇ ನಡೆಯುವುದಿಲ್ಲ. ಏಳೂವರೆ ಅಶ್ವಶಕ್ತಿಯವರೆಗಿನ ಪಂಪಿಗೆ 2024ರಿಂದ ಬಿಲ್ಲೇ ಇಲ್ಲದಿದ್ದರೂ, ಪಾಳಿಯ ವಿದ್ಯುತ್ ರಾತ್ರಿ ಬಂದಾಗ ಕಾಡುಕೋಣ, ಕಾಡಾನೆಗಳು ತಿರುಗುವ ಆಜರಾ, ಚಂದಗಡದ ಹೊಲಕ್ಕೆ ನೀರು ಕಟ್ಟಲು ಹೋಗುವವರು ಶೇಕಡಾ 10ರಷ್ಟು ಮಾತ್ರ ತಮ್ಮ ಪಾಲು ಕಟ್ಟಿ ಪಡೆಯುವ ಸೌರ ಪಂಪನ್ನು ಹಗಲಿನ ನೀರಿಗಾಗಿ ಬಯಸುತ್ತಾರೆ.

ತಾಮ್ರಪರ್ಣಿ ನದಿ ಉಕ್ಕಿದಾಗ ನೀರು ನುಗ್ಗುವ ಕೋವಾಡದ ಪೇಟೆಯಂಥ ಕಡೆಗಳಲ್ಲಿ, ಫಲಕ ಚಾವಣಿಯ ಮೇಲೆ ಸುರಕ್ಷಿತವಾಗಿದ್ದರೂ ಅದರ ವಿದ್ಯುತ್ತನ್ನು ಮನೆಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರನ್ನು ಕೇಬಲ್ ಉಳಿಸಲೆಂದು ನೆಲಮಹಡಿಯ ಮೀಟರಿನ ಪಕ್ಕದಲ್ಲೇ ಜಡಿಯುವ ರೂಢಿಯಿದೆ. ನೀರಿನಲ್ಲಿ ಮುಳುಗಿದ ಇನ್ವರ್ಟರಿಗೆ ಕಂಪನಿಯ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಸಾಲದ ಕಂತು ಮಾತ್ರ ಮುಂದುವರಿಯುತ್ತದೆ. ಆದ್ದರಿಂದ 2019 ಮತ್ತು 2021ರ ಮಹಾಪೂರದ ಗುರುತು ಗೋಡೆಯ ಮೇಲೆ ಇರುವ ಮನೆಗಳಲ್ಲಿ ಇನ್ವರ್ಟರು ಆ ಗುರುತಿಗಿಂತ ಮೇಲೆ, ಸಾಧ್ಯವಾದರೆ ಮೊದಲ ಮಹಡಿಯಲ್ಲಿಯೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಹೆಚ್ಚುವರಿ ಕೇಬಲ್ಲಿನ ಖರ್ಚಿಗೆ ತಕ್ಕ ಕೆಲಸ.