ಮನೆಯ ಇಂಟರ್‌ನೆಟ್ಟಿಗೆ ಜೋಡಿ ಸಂಪರ್ಕ: ಮಲೆನಾಡಿನ ರೈತರಿಗೆ ಕೆಲವು ಸಲಹೆಗಳು

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬೀಳುವುದು, ಕಂಬ ವಾಲುವುದು, ತಂತಿ ಕಡಿಯುವುದು ಹೊಸದೇನಲ್ಲ. ಹಿಂದೆ ಇದರಿಂದ ಮನೆ ಕತ್ತಲಾಗುತ್ತಿತ್ತು, ಅಷ್ಟೆ. ಈಗ ಅದೇ ಕಂಬಗಳ ಮೇಲೆ ಇಂಟರ್‌ನೆಟ್ಟಿನ ಫೈಬರ್ ತಂತಿಯೂ ಬಂದಿದೆ. ಅಡಿಕೆಯ ಧಾರಣೆ ತಿಳಿಯುವುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಯಾವಾಗ ಬಿಡುವು ಕೊಡುವುದೆಂದು ನೋಡುವುದು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಇವೆಲ್ಲವೂ ಆ ಒಂದೇ ಎಳೆಯನ್ನು ನಂಬಿಕೊಂಡಿವೆ. ಎಳೆ ಕಡಿದ ದಿನ ಎಲ್ಲ ಕೆಲಸವೂ ನಿಲ್ಲುತ್ತದೆ. ಎರಡು ಸಂಪರ್ಕಗಳನ್ನು ಒಂದೇ ರೂಟರಿಗೆ ಜೋಡಿಸಿ, ಒಂದು ಕೆಟ್ಟಾಗ ಮತ್ತೊಂದು ತಾನಾಗಿಯೇ ಕೆಲಸಕ್ಕೆ ಬರುವಂತೆ ಮಾಡುವುದು ಇದಕ್ಕೆ ಸುಲಭವಾದ ಪರಿಹಾರ.

ಒಂದೇ ಬಾವಿಗೆ ಎರಡು ಪಂಪು ಬೇಡ

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಈ ಲೇಖಕನ ಹಿರಿಯರ ಮನೆಗೆ ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಸಂಪರ್ಕ ಪಡೆಯಲಾಗಿತ್ತು. ಒಂದು ಜುಲೈ ತಿಂಗಳಲ್ಲಿ ಮರವೊಂದು ಬಿದ್ದು ಎರಡೂ ಒಟ್ಟಿಗೆ ಹೋದವು. ಹೋಗಿ ನೋಡಿದಾಗ ಎರಡು ತಂತಿಗಳೂ ಒಂದೇ ಕಂಬದ ಮೇಲಿದ್ದವು. ಆ ವಾರ ಸಕ್ಕರೆ ಕಾಯಿಲೆಯಿರುವ ತಂದೆಯವರ ಕಾಲಿನ ಗಾಯವನ್ನು ವೈದ್ಯರಿಗೆ ಫೋನಿನ ಪರದೆಯಲ್ಲಿ ತೋರಿಸಬೇಕಾಗಿತ್ತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಮಾತಿಗಷ್ಟೇ ಸಾಲುತ್ತಿತ್ತು. ಕೊನೆಗೆ ಸುರಿವ ಮಳೆಯಲ್ಲೇ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕಾಯಿತು.

ತಪ್ಪು ಲೇಖಕನದೇ. ಒಂದೇ ಬಾವಿಗೆ ಎರಡು ಪಂಪು ಇಟ್ಟವನು ಬಾವಿ ಬತ್ತಿದ ದಿನ ಎರಡನ್ನೂ ಕಳೆದುಕೊಳ್ಳುತ್ತಾನೆ. ಒಂದು ಸಂಪರ್ಕ 20 ದಿನಗಳಿಗೆ 1 ದಿನದಂತೆ ಕೆಡುತ್ತದೆಂದು ಇಟ್ಟುಕೊಳ್ಳೋಣ. ಕೆಡುವ ಕಾರಣಗಳು ಬೇರೆ ಬೇರೆಯಾಗಿದ್ದರೆ ಅಂತಹ ಎರಡು ಸಂಪರ್ಕಗಳು ಒಟ್ಟಿಗೆ ಕೆಡುವುದು 400 ದಿನಗಳಿಗೆ 1 ದಿನ. ಕಾರಣ ಒಂದೇ ಆಗಿದ್ದರೆ ಮತ್ತೆ 20ಕ್ಕೆ 1. ಆದ್ದರಿಂದ ಕಂಪನಿಯ ಹೆಸರಿಗಿಂತ ದಾರಿ ಬೇರೆಯಾಗಿರುವುದು ಮುಖ್ಯ. ಹಳ್ಳಿಯ ಮನೆಗೆ ತಂತಿಯ ಮೂಲಕ ಫೈಬರ್, ಗಾಳಿಯ ಮೂಲಕ 4ಜಿ ಸಿಮ್, ಇದು ಒಳ್ಳೆಯ ಜೋಡಿ.

ಉಪಕರಣಗಳ ಆಯ್ಕೆ

ಎರಡು ವ್ಯಾನ್ ಪೋರ್ಟುಗಳಿರುವ ರೂಟರು, ಇಲ್ಲವೆ ಒಂದು ವ್ಯಾನ್ ಪೋರ್ಟಿನ ಜೊತೆಗೆ ಸಿಮ್ ಹಾಕಲು ಜಾಗವಿರುವ ರೂಟರು ಬೇಕು. ಕೊಳ್ಳುವ ಮೊದಲು ಅದರಲ್ಲಿ ‘ಫೇಲ್‌ಓವರ್’ ಸೌಲಭ್ಯವಿದೆಯೇ ಎಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಿಮ್ ಆರಿಸುವಾಗ ಸಿಗ್ನಲನ್ನು ಅಳೆದು ನೋಡುವುದು ಒಳ್ಳೆಯದು. 4ಜಿ ಸಾಧನದ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಕಾಣುತ್ತದೆ. ಮೈನಸ್ 90ರಷ್ಟಿದ್ದರೆ ಒಳ್ಳೆಯದು, ಮೈನಸ್ 110ಕ್ಕಿಂತ ಕೆಳಗಿಳಿದರೆ ನಂಬುವಂತಿಲ್ಲ. ಲೇಖಕನ ಮನೆಯಲ್ಲಿ ನಡುಮನೆಯಲ್ಲಿ ಮೈನಸ್ 112 ಇದ್ದುದು, 4ಜಿ ಸಾಧನವನ್ನು ಉಪ್ಪರಿಗೆಯ ಕಿಟಕಿಯ ಬಳಿ ಇಟ್ಟಾಗ ಮೈನಸ್ 94ಕ್ಕೆ ಬಂದಿತು. ಅಲ್ಲಿಂದ ರೂಟರಿನವರೆಗೆ ಮನೆಯೊಳಗೇ ತಂತಿ ಎಳೆಯಲಾಯಿತು. ತಗಡಿನ ಮಾಡು ಸಿಗ್ನಲನ್ನು ತಡೆಯುವುದರಿಂದ ಅದರ ಅಡಿಯಲ್ಲಿ ಇಡಬಾರದು.

ಜೋಡಿಸುವ ವಿಧಾನ

1. ಫೈಬರ್ ಮೋಡೆಮಿನ ಲ್ಯಾನ್ ಪೋರ್ಟಿನಿಂದ ರೂಟರಿನ ಮೊದಲನೆಯ ವ್ಯಾನ್ ಪೋರ್ಟಿಗೆ, 4ಜಿ ಸಾಧನದಿಂದ ಎರಡನೆಯದಕ್ಕೆ ತಂತಿ ಜೋಡಿಸಿರಿ.

2. ಮೋಡೆಮಿನ ಮತ್ತು 4ಜಿ ಸಾಧನದ ವೈಫೈ ಆರಿಸಿರಿ. ಮನೆಯ ಎಲ್ಲ ಫೋನುಗಳೂ ರೂಟರಿನ ವೈಫೈಗೇ ಸೇರಬೇಕು. ಮೋಡೆಮಿನ ವೈಫೈಗೆ ಅಂಟಿಕೊಂಡ ಫೋನಿಗೆ ಎರಡನೆಯ ಸಂಪರ್ಕ ಎಂದಿಗೂ ಸಿಗದು.

3. ಅನೇಕ ಸಾಧನಗಳಿಗೆ ಕಾರ್ಖಾನೆಯಿಂದಲೇ 192.168.1.1 ಎಂಬ ಒಂದೇ ವಿಳಾಸವಿರುತ್ತದೆ. ಒಂದೇ ಊರಿನಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದಂತೆ ಇದು ಗೊಂದಲಕ್ಕೆ ಕಾರಣ. ರೂಟರಿನ ಒಳವಿಳಾಸವನ್ನು 192.168.50.1 ಎಂದು ಬದಲಿಸಿರಿ. ಮೋಡೆಮ್ ಹಾಗೂ 4ಜಿ ಸಾಧನಗಳ ವಿಳಾಸಗಳೂ ಒಂದೇ ಸಾಲಿನಲ್ಲಿರದಂತೆ ನೋಡಿಕೊಳ್ಳಿರಿ.

4. ಎರಡು ಸಂಪರ್ಕಗಳನ್ನು ಬಳಸುವ ಕ್ರಮಗಳಲ್ಲಿ ‘ಫೇಲ್‌ಓವರ್’ ಆರಿಸಿರಿ; ಮೊದಲನೆಯದು ಫೈಬರ್, ಕಾಯ್ದಿರಿಸಿದ್ದು 4ಜಿ. ‘ಲೋಡ್ ಬ್ಯಾಲೆನ್ಸ್’ ಕ್ರಮದಲ್ಲಿ ಎರಡೂ ಒಟ್ಟಿಗೆ ದುಡಿಯುತ್ತವೆಯಾದರೂ ವ್ಯವಹಾರದ ನಡುವೆ ನಮ್ಮ ವಿಳಾಸ ಬದಲಾದಂತೆ ಕಂಡು ಬ್ಯಾಂಕಿನ ಪುಟ ನಮ್ಮನ್ನು ಹೊರಹಾಕಬಹುದು. ಸಿಮ್ಮಿನ ಡೇಟಾ ಕೂಡ ಬೇಗ ಮುಗಿಯುತ್ತದೆ.

5. ಸಂಪರ್ಕ ಜೀವಂತವಿದೆಯೇ ಎಂದು ರೂಟರು ಪರೀಕ್ಷಿಸುವ ಗುರುತನ್ನು ಹೊರಗಿನ ವಿಳಾಸಕ್ಕೆ ಇಡಿರಿ, ಉದಾಹರಣೆಗೆ 1.1.1.1 ಮತ್ತು 8.8.8.8. ಇದು ಅತಿ ಮುಖ್ಯವಾದ ಹಂತ. ರಸ್ತೆಯಲ್ಲಿ ಫೈಬರ್ ಕಡಿದರೂ ಮೋಡೆಮ್ ಮತ್ತು ರೂಟರ್ ನಡುವಣ ತಂತಿ ಸರಿಯಾಗಿಯೇ ಇರುತ್ತದೆ. ಆ ತಂತಿಯನ್ನಷ್ಟೇ ನೋಡುವ ರೂಟರು ‘ಎಲ್ಲವೂ ಸರಿಯಿದೆ’ ಎಂದುಕೊಂಡು ಸುಮ್ಮನಿರುತ್ತದೆ. ಪೈಪು ಇದೆಯೇ ಎಂದಲ್ಲ, ನೀರು ಬರುತ್ತಿದೆಯೇ ಎಂದು ನೋಡಬೇಕು.

6. 5 ಸೆಕೆಂಡುಗಳಿಗೊಮ್ಮೆ ಪರೀಕ್ಷೆ, ಸತತ 3 ಬಾರಿ ವಿಫಲವಾದರೆ ಬದಲಾವಣೆ, ಹೀಗೆ ಇಡಬಹುದು. ಫೈಬರ್ ಮರಳಿ ಬಂದ ಮೇಲೆ ಕೆಲವು ನಿಮಿಷ ಕಾದು ಹಿಂದಿರುಗುವಂತೆ ಮಾಡಿದರೆ, ತಂತಿ ಬಂದು ಹೋಗಿ ಆಡುವಾಗ ಮನೆಯವರಿಗೆ ತೊಂದರೆಯಾಗದು.

ವಿದ್ಯುತ್ತಿನ ಏರ್ಪಾಡು

ವಿದ್ಯುತ್ ಹೋದರೆ ಎರಡು ಸಂಪರ್ಕಗಳಿದ್ದೂ ಫಲವಿಲ್ಲ. ಮೋಡೆಮ್, ರೂಟರು, 4ಜಿ ಸಾಧನ ಮೂರೂ ಸೇರಿ ಸುಮಾರು 25 ವಾಟ್ ಬೇಡುತ್ತವೆಂದು ಲೆಕ್ಕ ಹಿಡಿಯಬಹುದು. 12 ವೋಲ್ಟಿನ 40 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ 480 ವಾಟ್-ಗಂಟೆ ಶಕ್ತಿಯಿರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಆದರೂ 9 ಗಂಟೆಗಳ ಕಾಲ ನಡೆಯುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 14ಕ್ಕೂ ಮೇಲೇರುವುದರಿಂದ ಸಾಧನಗಳನ್ನು ನೇರವಾಗಿ ಅದಕ್ಕೆ ಜೋಡಿಸಬಾರದು. ಪ್ರತಿ ಸಾಧನದ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರಿಗೆ ಹೊಂದುವ ಯುಪಿಎಸ್ ಅಥವಾ ಮನೆಯ ಇನ್ವರ್ಟರ್ ಮೂಲಕ ಕೊಡಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ವೇಳೆ ಮಾತ್ರ ಪ್ಲಗ್ ಕೀಳುವುದೇ ಕ್ಷೇಮ.

ಪರೀಕ್ಷೆ ಮತ್ತು ನಿರ್ವಹಣೆ

ಜೋಡಿಸಿದ ದಿನವೇ ಮನೆಯವರ ಮುಂದೆ ಮೋಡೆಮಿನಿಂದ ಫೈಬರ್ ಎಳೆಯನ್ನು ಬಾಗಿಸದೆ ಮೆಲ್ಲಗೆ ಬಿಡಿಸಿ ನೋಡಿರಿ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಮೋಡೆಮಿನಲ್ಲಿ ಕೆಂಪು ದೀಪ ಬಂದು, ಅರ್ಧ ನಿಮಿಷದೊಳಗೆ 4ಜಿ ಮೂಲಕ ಪುಟಗಳು ತೆರೆದರೆ ಕೆಲಸ ಸರಿಯಾಗಿದೆ. ನಡೆಯುತ್ತಿರುವ ವಿಡಿಯೋ ಕರೆ ಬದಲಾವಣೆಯ ವೇಳೆ ಕಡಿಯಬಹುದು. ಮತ್ತೆ ಕರೆ ಮಾಡಿದರಾಯಿತು.

ಈ ಪರೀಕ್ಷೆಯನ್ನು ಪ್ರತಿ ತಿಂಗಳ 1ನೇ ತಾರೀಖು ಮಾಡತಕ್ಕದ್ದು. ಕಾಯ್ದಿರಿಸಿದ ಸಂಪರ್ಕ ಸತ್ತಿದ್ದರೂ ದಿನನಿತ್ಯ ಅದರ ಅರಿವಾಗುವುದಿಲ್ಲ. ಸಿಮ್ಮಿನ ರೀಚಾರ್ಜ್ ಅವಧಿ ಮುಗಿದಿರುವುದು ಮಳೆ ಹೊಡೆಯುವ ರಾತ್ರಿಯೇ ಗೊತ್ತಾದರೆ ಏನು ಪ್ರಯೋಜನ? ರೀಚಾರ್ಜ್ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. 4ಜಿ ಮೇಲಿರುವಾಗ ಟಿವಿಯಲ್ಲಿ ಸಿನಿಮಾ ನೋಡುವುದನ್ನು ನಿಲ್ಲಿಸಿದರೆ ಡೇಟಾ ಅಗತ್ಯದ ಕೆಲಸಕ್ಕೆ ಉಳಿಯುತ್ತದೆ.

ಮುಕ್ತಾಯ

ವಿದ್ಯುತ್ ಹಲವು ದಿನ ಬಾರದಿದ್ದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗಬಹುದು. ಹಾಗಾಗಿ ಜೋಡಿ ಸಂಪರ್ಕದಿಂದ ಎಲ್ಲ ಆಪತ್ತೂ ದೂರವಾಯಿತೆಂದು ಭಾವಿಸಬಾರದು. ಆದರೆ ಒಂದು ಮರ ಬಿದ್ದ ಮಾತ್ರಕ್ಕೆ ಮನೆ ಹೊರಗಿನಿಂದ ಕಡಿದುಹೋಗುವುದನ್ನು ಇದು ಖಂಡಿತ ತಪ್ಪಿಸುತ್ತದೆ. ದಾರಿ ಬೇರೆಯಿರಲಿ, ಪರೀಕ್ಷೆ ಹೊರಗಿನದಿರಲಿ, ಬ್ಯಾಟರಿ ತುಂಬಿರಲಿ. ಈ ಮೂರನ್ನು ರೈತ ಬಾಂಧವರು ಮೇ ತಿಂಗಳಲ್ಲೇ, ಅಡಿಕೆ ತೋಟದ ಬಸಿಗಾಲುವೆ ಬಿಡಿಸುವ ಹೊತ್ತಿಗೇ ಮುಗಿಸಿಕೊಂಡರೆ ಮಳೆಗಾಲವನ್ನು ನೆಮ್ಮದಿಯಿಂದ ಎದುರುಗೊಳ್ಳಬಹುದು.